ಒಂದು ಗುಡ್ಡ, ಮೂರು ಊರು: ಗಡಿಯನ್ನೂ ಸೀತಾಫಲವನ್ನೂ ಹೊಂದಿಸಿಕೊಳ್ಳುವ ಬಗೆ

ಸಂಡೂರಿನ ಗುಡ್ಡಸಾಲಲ್ಲಿ ವಾಲ್ಮೀಕಿ ನಾಯಕರ ಊರು, ಲಂಬಾಣಿ ತಾಂಡಾ, ಕುರಿಗಾಹಿಗಳ ಹಟ್ಟಿ ಒಂದೇ ಅಡವಿಯನ್ನು ನೆಚ್ಚಿಕೊಂಡಿರುವುದುಂಟು. ಅಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಎರಡಕ್ಕೆ: ಗಡಿ, ಸೀತಾಫಲದ ಕೊಯ್ಲಿನ ದಿನ.

ಮೊದಲು ಗಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ, ಅಂದರೆ ಊರು ಹಿಂದಿನಿಂದ ಬಳಸುತ್ತ ಬಂದ ಅಡವಿಯನ್ನು ಊರೇ ಕಾಯ್ದು ನೋಡಿಕೊಳ್ಳುವ ಹಕ್ಕಿಗೆ, ‘ಸಿ’ ನಮೂನೆ ತುಂಬಬೇಕು. ಗ್ರಾಮಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸಬೇಕು. ಸಭೆಗೆ ಸದಸ್ಯರಲ್ಲಿ ಅರ್ಧ ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಸಭೆ ಮುಗಿದ ಮೇಲೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡರೆ ಠರಾವು ನಿಲ್ಲುವುದಿಲ್ಲ.

ಅರ್ಜಿಗೆ ಒಂದಕ್ಕಿಂತ ಹೆಚ್ಚು ಪುರಾವೆ ಬೇಕು. ಹಿರಿಯರ ಹೇಳಿಕೆಯನ್ನು ಬರೆಸಿ, ಜೊತೆಗೆ ಹಳೆಯ ಬಾವಿ, ಕೆರೆ, ಸ್ಮಶಾನ, ದೇವರ ಮರಗಳನ್ನು ತೋರಿಸಿ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ನೆಲೆಸಿದ್ದನ್ನು ತೋರಿಸಬೇಕು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ತಾಂಡಾದವರ ಅರ್ಜಿ ಎಡವುವುದು ಇಲ್ಲೇ. ನೆರೆಯೂರಿನ ಹಿರಿಯರ ಹೇಳಿಕೆ ಆಗ ದೊಡ್ಡ ಆಸರೆ.

ಒಂದೇ ಅಡವಿಯನ್ನು ಹಲವು ಊರು ಬಳಸುತ್ತಿದ್ದರೆ ಸಮಿತಿಗಳು ಜಂಟಿಯಾಗಿ ಕೂತು ತೀರ್ಮಾನವನ್ನು ಲಿಖಿತವಾಗಿ ತಮ್ಮ ಗ್ರಾಮಸಭೆಗಳಿಗೆ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಬಗೆಹರಿಯದಿದ್ದರೆ ಅದು ಮೇಲಿನ ಹಂತದ ಉಪವಿಭಾಗ ಸಮಿತಿಗೆ ಹೋಗುತ್ತದೆ. ಅಲ್ಲಿಯವರೆಗೆ ಎಳೆಯಬೇಡಿ. ಪ್ರತಿ ಊರಿಂದ ನಾಲ್ವರು, ಅದರಲ್ಲಿ ಹಣ್ಣು ಕೀಳುವ ಹೆಂಗಸರೂ ಕುರಿ ಕಾಯುವವರೂ ಇರಲಿ, ಜೊತೆಯಾಗಿ ಗಡಿ ನಡೆಯಿರಿ. ಒಬ್ಬರು ಫೋನಿನ ಜಿಪಿಎಸ್‌ನಲ್ಲಿ ಗುರುತು ಹಾಕಲಿ. ಇಬ್ಬರೂ ಬಳಸುವ ಜಾಗವನ್ನು ಅರ್ಧರ್ಧ ಕತ್ತರಿಸಬೇಡಿ. ‘ಕೂಡು ಅಡವಿ’ ಎಂದು ಬರೆದು, ಮೇವು ಯಾರಿಗೆ, ಹಣ್ಣು ಯಾರಿಗೆ, ಯಾವ ತಿಂಗಳು ಎಂದು ನಮೂದಿಸಿ. ಪರಿಶೀಲನೆಯ ದಿನವನ್ನು ಅರಣ್ಯ, ಕಂದಾಯ ಇಲಾಖೆಗಳಿಗೆ ಮುಂಚೆಯೇ ಬರೆದು ತಿಳಿಸಿ; ಅವರ ಅಧಿಕಾರಿಗಳು ಹಾಜರಿದ್ದು ನಡಾವಳಿಗೆ ಸಹಿ ಹಾಕಬೇಕು.

ಇನ್ನು ಕೊಯ್ಲು. ಒಂದು ಊರಿನವರು ಬೇಗ ಕೈಹಾಕಿದರೆ ಉಳಿದವರೂ ‘ನಮಗೆ ಸಿಗಲಿಕ್ಕಿಲ್ಲ’ ಎಂದು ಎಳೆಗಾಯಿ ಕೀಳುತ್ತಾರೆ. ಎಳೆಯ ಸೀತಾಫಲ ಹಣ್ಣಾಗುವುದಿಲ್ಲ, ಕಪ್ಪಾಗಿ ಕಲ್ಲಾಗುತ್ತದೆ. ಮೂರೂ ಊರಿಗೆ ನಷ್ಟ. ಆದ್ದರಿಂದ ದಿನವನ್ನು ಪಂಚಾಂಗ ನೋಡಿ ಅಲ್ಲ, ಕಾಯಿ ನೋಡಿ ಗೊತ್ತುಮಾಡಿ. ಕಣ್ಣುಗಳ ನಡುವಿನ ಗೆರೆ ಅಗಲವಾಗಿ, ಹಸಿರು ಕಳೆದು ಹಳದಿಮಿಶ್ರಿತ ಬಿಳಿಗೆ ತಿರುಗಬೇಕು. ಮೂರೂ ಕಡೆಯವರು ನಾಲ್ಕೈದು ಜಾಗದ ಗಿಡ ನೋಡಿ ಒಪ್ಪಿದ ಮೇಲೆ ಡಂಗುರ ಹೊಡೆಸಿ. ತೊಟ್ಟು ಸಮೇತ ಕಿತ್ತು, ಎಲೆ ಹಾಸಿದ ಬುಟ್ಟಿಯಲ್ಲಿ ತೆಳುವಾಗಿ ಜೋಡಿಸಿ. ಮೂರ್ನಾಲ್ಕು ದಿನದಲ್ಲಿ ಮೆತ್ತಗಾಗುವ ಹಣ್ಣು, ಗಾಡಿ ಮೊದಲೇ ಗೊತ್ತಾಗಿರಲಿ.

ಈ ಒಪ್ಪಂದವನ್ನು ಮುರಿಯುವುದು ವ್ಯಾಪಾರಿಯ ಮುಂಗಡ. ಹಣ ಇಸಿದುಕೊಂಡವರು ಕಾಯಲಾರರು. ಜೂನ್‌ನಲ್ಲೇ ಮೂರೂ ಊರಿನ ಸ್ವಸಹಾಯ ಸಂಘಗಳು ಅಂಥ ಮನೆಗಳಿಗೆ ಕೈಸಾಲ ಕೊಡಲಿ. ಬುಟ್ಟಿ ಲೆಕ್ಕ ಬಿಟ್ಟು ತೂಕಕ್ಕೆ ಮಾರಿ.

ತಿರುಳು ತೆಗೆಯುವವರು ಬೀಜವನ್ನು ಅರೆಯಬಾರದು: ವಿಷ, ಕಣ್ಣಿಗೆ ಬಿದ್ದರೆ ಗಾಯವಾಗುತ್ತದೆ. ಮೇಲಿನ ಕೊಂಬೆಯ ಹಣ್ಣು ಕರಡಿಗೆ, ಹಕ್ಕಿಗೆ ಇರಲಿ. ಕರಡಿ ಎದುರಾಗದಂತೆ ಬಿಸಿಲೇರಿದ ಮೇಲೆ, ಗುಂಪಾಗಿ, ಮಾತಾಡುತ್ತಾ ಹೋಗಿ.

ಬೆಂಕಿ ರೇಖೆಯನ್ನು, ಅಂದರೆ ಕಾಡ್ಗಿಚ್ಚು ದಾಟದಂತೆ ಹುಲ್ಲು ಸವರಿ ಬಿಡುವ ಪಟ್ಟಿಯನ್ನು, ಹುಲ್ಲು ಒಣಗುವ ಜನವರಿಯೊಳಗೆ ಸವರಿ, ಊರಿಗಿಷ್ಟು ಉದ್ದ ಎಂದು ಹಂಚಿಕೊಂಡು. ಎರಡು ಊರಿನ ಪಾಲು ಸೇರುವ ಕಡೆ ಇಬ್ಬರೂ ಹತ್ತು ಮಾರು ಮುಂದಕ್ಕೆ ಸವರಲಿ. ಬೆಂಕಿ ನುಗ್ಗುವುದು ಬಿಟ್ಟುಹೋದ ಆ ಸಂದಿನಲ್ಲೇ.