ಕಲ್ಲು ತೆಗೆದರೆ ಸಾಲುತ್ತಿರಲಿಲ್ಲ

"ಆಪ್ರೇಷನ್ ಮಷಿನ್ ಮಾಡ್ತೈತೇನ್ರಿ ಸರ? ನೀವು ಮಾಡಂಗಿಲ್ಲೇನು?"

ಸಿಂಧನೂರು ಕಡೆಯಿಂದ ಬಂದಿದ್ದ ಲಾರಿ ಡ್ರೈವರ್ ಒಬ್ಬರ ಹೆಂಡತಿ ಕೇಳಿದ ಪ್ರಶ್ನೆ ಇದು. ಗಂಡ ಸುಮ್ನೆ ಕೂತಿದ್ದರು. ನಾನು ಬೆಂಗಳೂರಿನಲ್ಲಿ ಯೂರಾಲಜಿಸ್ಟ್, ಅಂದರೆ ಕಿಡ್ನಿ, ಮೂತ್ರನಾಳಗಳ ಸರ್ಜನ್. ಈ ಪ್ರಶ್ನೆ ನನಗೆ ಹೊಸದಲ್ಲ. "ಹೊಲಿಗೆ ಮಷಿನ್ ಇದ್ದ ಹಾಗೆ ಕಣಮ್ಮಾ. ತುಳಿಯೋನು ನಾನೇ" ಅಂದೆ. ಆ ಮಷಿನ್ ಅಂದರೆ ಸರ್ಜರಿ ರೋಬೋಟ್; ಅದನ್ನು ಆಡಿಸಲು ನಾನು ಕೂರುವ ಮೇಜಿಗೆ ಕನ್ಸೋಲ್ ಅನ್ನುತ್ತೇವೆ. ಕನ್ಸೋಲ್‌ ಕೆಳಗೆ ನಿಜವಾಗಿಯೂ ಕಾಲಲ್ಲಿ ತುಳಿಯುವ ಪೆಡಲ್‌ಗಳಿವೆ. ಅದೇ ಕೋಣೆಯ ಮೂಲೆಯಲ್ಲಿ ಕೂತು ನಾನು ಬೆರಳು ಆಡಿಸಿದಂತೆ ರೋಗಿಯ ಹೊಟ್ಟೆಯೊಳಗೆ ರೋಬೋಟಿನ ಕೈ ಆಡುತ್ತದೆ. ನಾನು ಕೈ ಬಿಟ್ಟರೆ ಅದು ನಿಂತಲ್ಲೇ ನಿಲ್ಲುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಿಡ್ನಿ ಕಲ್ಲಿನ ಬಹುಪಾಲು ರೋಗಿಗಳಿಗೆ ರೋಬೋಟ್ ಬೇಕಿಲ್ಲ. ನಾಲ್ಕೈದು ಮಿಲಿಮೀಟರ್ ಕಲ್ಲು ಸಾಮಾನ್ಯವಾಗಿ ಮೂತ್ರದಲ್ಲೇ ಹೋಗುತ್ತದೆ. ಸುಮಾರು 2 ಸೆಂಟಿಮೀಟರ್‌ವರೆಗಿನದಕ್ಕೆ ಮೂತ್ರದ ದಾರಿಯಲ್ಲೇ ಬಾಗುವ ಸ್ಕೋಪ್ ಕಳಿಸಿ ಲೇಸರ್‌ನಿಂದ ಪುಡಿ ಮಾಡುತ್ತೇವೆ. ಅದಕ್ಕಿಂತ ದೊಡ್ಡದಾದರೆ ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ ತೆಗೆಯುವ ಪಿಸಿಎನ್‌ಎಲ್ ಇದೆ. ಸ್ವೀಡನ್‌ನ ವೈದ್ಯರು ಅದನ್ನು 1976ರಲ್ಲೇ ವರದಿ ಮಾಡಿದ್ದರು, ಇವತ್ತಿಗೂ ಅದನ್ನು ಮೀರಿಸಿದ್ದು ಬಂದಿಲ್ಲ. ಬರೀ ಕಲ್ಲಿಗೋಸ್ಕರ ರೋಬೋಟ್ ಕೇಳಿಕೊಂಡು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ.

ಈ ಲಾರಿ ಡ್ರೈವರ್ ಕಥೆ ಬೇರೆ ಇತ್ತು. ಮೂರು ವರ್ಷದ ಹಿಂದೆ ಬೇರೆ ಕಡೆ ಕಲ್ಲು ತೆಗೆಸಿದ್ದರು. ಅದೇ ಎಡಗಡೆ ಮತ್ತೆ ಬಂದಿತ್ತು. ಸಿಟಿ ಸ್ಕ್ಯಾನ್‌ನಲ್ಲಿ 18 ಮಿಲಿಮೀಟರಿನದು ಒಂದು, ಸಣ್ಣವು ಐದು, ಒಟ್ಟು ಆರು ಕಲ್ಲು. ಆದರೆ ನನ್ನ ಕಣ್ಣು ಹೋಗಿದ್ದು ಕಲ್ಲಿನ ಮೇಲಲ್ಲ. ಕಿಡ್ನಿ ಬಲೂನಿನ ಹಾಗೆ ಊದಿತ್ತು, ಕೆಳಗಿನ ಮೂತ್ರನಾಳ ಮಾತ್ರ ಸಪೂರವಾಗಿತ್ತು. ಕಿಡ್ನಿಯಲ್ಲಿ ಮೂತ್ರ ಬಂದು ಸೇರುವ ಲಾಳಿಕೆಯಂಥ ಭಾಗ ನಾಳಕ್ಕೆ ಕೂಡುವ ಜಾಗವನ್ನು ನಾವು ಪಿಯುಜೆ ಅನ್ನುತ್ತೇವೆ. ಅಲ್ಲೇ ದಾರಿ ಕಿರಿದಾಗಿತ್ತು. ಮೂತ್ರ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ತೋರಿಸುವ ರೀನೋಗ್ರಾಮ್ ಮಾಡಿಸಿದೆ. ಇಳಿಯುತ್ತಲೇ ಇರಲಿಲ್ಲ. ನೀರು ನಿಂತ ಕಡೆ ಮತ್ತೆ ಕಲ್ಲು ಕಟ್ಟುತ್ತದೆ, ಅಲ್ವಾ? ಕಲ್ಲನ್ನಷ್ಟೇ ತೆಗೆದರೆ ಇನ್ನು ಎರಡು ಮೂರು ವರ್ಷಕ್ಕೆ ಇದೇ ಕುರ್ಚಿಯಲ್ಲಿ ಮತ್ತೆ ಕೂರುತ್ತಿದ್ದರು.

ಹಾಗಾಗಿ ಕಿರಿದಾದ ತುಂಡನ್ನು ಕತ್ತರಿಸಿ ಹೊಸದಾಗಿ ಜೋಡಿಸುವುದು, ಅದೇ ಸಮಯಕ್ಕೆ ಕಲ್ಲನ್ನೂ ತೆಗೆಯುವುದು ಎಂದು ತೀರ್ಮಾನಿಸಿದೆವು. ಈ ಜೋಡಣೆಯ ವಿಧಾನ 1949ರಿಂದ ಇದೆ. ಆಗ ಪಕ್ಕೆಯನ್ನು ಉದ್ದಕ್ಕೆ ಕೊಯ್ದು ಮಾಡುತ್ತಿದ್ದರು. ಈಗ ನಾಲ್ಕೈದು ಸಣ್ಣ ತೂತು ಸಾಕು.

ರೋಗಿಯನ್ನು ಬಲ ಮಗ್ಗುಲಿಗೆ ಮಲಗಿಸಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿದೆವು. ರೋಬೋಟಿನ ಕೈ ಹೋಗುವ ತೂತು 8 ಮಿಲಿಮೀಟರ್. ದೊಡ್ಡ ಕರುಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೂತ್ರನಾಳ ಹಿಡಿದು ಮೇಲಕ್ಕೆ ಹೋದೆ. ಪಿಯುಜೆ ಹತ್ತಿರ ಅಡ್ಡಲಾಗಿ ಒಂದು ರಕ್ತನಾಳ ಮಿಡಿಯುತ್ತಿತ್ತು. ಕಿಡ್ನಿಯ ಕೆಳತುದಿಗೆ ಹೋಗುವ ನಾಳ ಅದು. ಅಡ್ಡ ಬಂದಿದೆ ಅಂತ ಕತ್ತರಿಸುವ ಹಾಗಿಲ್ಲ, ಆ ಭಾಗದ ಕಿಡ್ನಿ ಸತ್ತೇ ಹೋಗುತ್ತದೆ. ಲಾಳಿಕೆಯನ್ನು ಬಿಡಿಸಿ, ಮೂತ್ರನಾಳವನ್ನು ಆ ರಕ್ತನಾಳದ ಹಿಂದಿನಿಂದ ಮುಂದಕ್ಕೆ ತಂದು ಜೋಡಿಸಬೇಕು.

ಲಾಳಿಕೆ ಬಿಡಿಸಿದ ಕೂಡಲೇ ದೊಡ್ಡ ಕಲ್ಲು ಕಂಡಿತು. ಕಂದು ಬಣ್ಣ, ಗಟ್ಟಿ. ಹಿಡಿದು ನೇರವಾಗಿ ಚೀಲಕ್ಕೆ ಹಾಕಿದೆ. ಚೀಲ ಅಂದರೆ ಸ್ಟೆರೈಲ್ ಕೈಗವಸಿನ ಒಂದು ಬೆರಳನ್ನು ಕತ್ತರಿಸಿ ಮಾಡಿದ್ದು. ಕೋಟಿಗಟ್ಟಲೆ ಬೆಲೆಯ ಯಂತ್ರದ ಪಕ್ಕದಲ್ಲಿ ಈ ಕೈಗವಸಿನ ಬೆರಳು! ನಮ್ಮಲ್ಲಿ ಬಹಳ ಜನ ಹೀಗೇ ಮಾಡುತ್ತೇವೆ. ಇದರ ಬೆಲೆ ನನಗೆ ಗೊತ್ತಾಗಿದ್ದು ನನ್ನ ಮೊದಮೊದಲ ಕೇಸೊಂದರಲ್ಲಿ. ಆವತ್ತು ಚೀಲ ಸಿದ್ಧ ಮಾಡಿಕೊಳ್ಳದೆ ಕಲ್ಲನ್ನು ಎತ್ತಿದ್ದೆ. ಜಾರಿ ಕರುಳಿನ ಮಡಿಕೆಗಳ ನಡುವೆ ಬಿತ್ತು. ಕಡಲೆಕಾಳಿನಷ್ಟು ಕಲ್ಲಿಗಾಗಿ 25 ನಿಮಿಷ ಹುಡುಕಿದೆ. ಅನಸ್ತೇಶಿಯಾ ಡಾಕ್ಟರ್ ಎರಡು ಸಲ ಗಡಿಯಾರ ನೋಡಿದರು.

ಸಣ್ಣ ಕಲ್ಲುಗಳು ಕಿಡ್ನಿಯ ಮೂಲೆ ಮೂಲೆಯ ಬಟ್ಟಲುಗಳಲ್ಲಿ ಅಡಗಿರುತ್ತವೆ. ರೋಬೋಟಿನ ಕೈ ಅಲ್ಲಿಗೆ ಹೋಗದು. ಪಕ್ಕದ ತೂತಿನಿಂದ ಬಾಗುವ ಸ್ಕೋಪ್ ಇಳಿಸಿ ಸಣ್ಣ ತಂತಿಬುಟ್ಟಿಯಿಂದ ಒಂದೊಂದಾಗಿ ಹಿಡಿದೆವು. ನಾಲ್ಕು ಸಿಕ್ಕವು. ದೊಡ್ಡದೂ ಸೇರಿ ಐದು. ಆರನೆಯದು ಎಷ್ಟು ಹುಡುಕಿದರೂ ಕಾಣಲಿಲ್ಲ. ಎಕ್ಸ್‌ರೇಯಲ್ಲೂ ಸ್ಪಷ್ಟವಾಗಲಿಲ್ಲ. ಅಲ್ಲಿಗೆ ನಿಲ್ಲಿಸಿದೆ.

ಆಮೇಲೆ ಹೊಲಿಗೆ. ರೋಬೋಟಿಗೆ ದುಡ್ಡು ಕೊಟ್ಟಿದ್ದು ಸಾರ್ಥಕ ಅನಿಸುವುದು ಇಲ್ಲಿ. ಕೂದಲಿನಷ್ಟು ಸಪೂರ ದಾರ, ಹತ್ತು ಪಟ್ಟು ದೊಡ್ಡದಾಗಿ ಕಾಣುವ ಮೂರು ಆಯಾಮದ ಚಿತ್ರ, ಮಣಿಕಟ್ಟಿನಂತೆ ತಿರುಗುವ ತುದಿ. ಮಾಮೂಲಿ ಲ್ಯಾಪ್ರೋಸ್ಕೋಪಿಯಲ್ಲಿ ಇದೇ ಹೊಲಿಗೆ ಹಾಕಿ ಭುಜ ನೋಯಿಸಿಕೊಂಡ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಒಂದೇ ಕೊರತೆ. ನಾನು ಬಳಸುವ ಯಂತ್ರದಲ್ಲಿ ಕೈಗೆ ಸ್ಪರ್ಶ ಗೊತ್ತಾಗುವುದಿಲ್ಲ. ಗಂಟು ಎಷ್ಟು ಬಿಗಿಯಾಯಿತು ಅನ್ನುವುದನ್ನು ಕಣ್ಣಲ್ಲೇ ಅಳೆಯಬೇಕು. ಕಲಿಯುವಾಗ ಎಷ್ಟು ದಾರ ಕಿತ್ತಿದ್ದೇನೋ ಲೆಕ್ಕ ಇಲ್ಲ. ಈಗ ಅಂಚು ಸ್ವಲ್ಪ ಬಿಳಿಚಿದರೆ ಸಾಕು, ಎಳೆಯುವುದನ್ನು ನಿಲ್ಲಿಸುತ್ತೇನೆ.

ಜೋಡಣೆ ಮುಗಿಯುವ ಮುಂಚೆ ಡಿಜೆ ಸ್ಟೆಂಟ್ ಇಟ್ಟೆ. ಎರಡೂ ತುದಿ ಸುರುಳಿಯಾದ ಮೆದು ಕೊಳವೆ, ಹೊಲಿಗೆ ಮಾಯುವ ತನಕ ಮೂತ್ರಕ್ಕೆ ದಾರಿ. ಮೂರನೇ ದಿನ ಅವರು ಮನೆಗೆ ಹೊರಟಾಗ ಸ್ಟೆಂಟ್ ತೆಗೆಯುವ ದಿನಾಂಕವನ್ನು ಚೀಟಿಯಲ್ಲಿ ದಪ್ಪಗೆ ಬರೆದು, ಹೆಂಡತಿಯ ಫೋನಿನಲ್ಲೂ ಹಾಕಿಸಿದೆ. ನೋವಿಲ್ಲ ಅಂತ ಸ್ಟೆಂಟ್ ಮರೆತು, ವರ್ಷಗಟ್ಟಲೆ ಬಿಟ್ಟು, ಅದರ ಮೇಲೇ ಕಲ್ಲು ಕಟ್ಟಿಸಿಕೊಂಡು ಬಂದವರನ್ನು ನೋಡಿದ್ದೇನೆ. ಆ ಆಪರೇಷನ್ ಇದಕ್ಕಿಂತ ಕಷ್ಟ.

ಇವರು ಸರಿಯಾಗಿ ಆರು ವಾರಕ್ಕೆ ಬಂದರು. ಊರಲ್ಲಿ ಯಾರೋ ಹಾಲು ಬಿಡಿ ಅಂದಿದ್ದರಂತೆ. ಬಿಡಬೇಡಿ ಅಂದೆ. ಊಟದ ಕ್ಯಾಲ್ಸಿಯಂ, ಕಲ್ಲು ಕಟ್ಟಿಸುವ ಆಕ್ಸಲೇಟ್ ಎಂಬ ಅಂಶವನ್ನು ಕರುಳಲ್ಲೇ ಹಿಡಿದಿಡುತ್ತದೆ. ಉಪ್ಪು ಕಡಿಮೆ ಮಾಡಿ, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಿರಿ ಅಂದೆ. ಬಾಳೆದಿಂಡಿನ ರಸ ಕುಡಿಯಬಹುದಾ ಅಂತ ಕೇಳಿದರು. ಕುಡೀರಿ, ಆದರೆ ನೀರಿನ ಲೆಕ್ಕ ಬಿಡಬೇಡಿ ಅಂದೆ. "ಗಾಡಿ ಎಲ್ಲಿ ನಿಲ್ಲಿಸ್ಲಿ ಸರ?" ಅಂದರು. ಆ ಬಿಸಿಲಲ್ಲಿ ಲಾರಿ ಓಡಿಸುವವರು ಪದೇ ಪದೇ ಇಳಿಯಬೇಕಾಗುತ್ತದೆ ಅಂತಲೇ ನೀರು ಕುಡಿಯುವುದಿಲ್ಲ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಮೂರು ತಿಂಗಳಿಗೆ ಮತ್ತೆ ರೀನೋಗ್ರಾಮ್ ಮಾಡಿಸಿದೆವು. ಮೂತ್ರ ಸಲೀಸಾಗಿ ಇಳಿಯುತ್ತಿತ್ತು. ಸ್ಕ್ಯಾನ್‌ನಲ್ಲಿ ಕೆಳಗಿನ ಬಟ್ಟಲಲ್ಲಿ 3 ಮಿಲಿಮೀಟರಿನ ಚುಕ್ಕೆ ಒಂದು ಕಂಡಿತು. ಆರನೆಯದು. ಅವರಿಗೆ ತೋರಿಸಿ, ಇದು ನನ್ನ ಕೈಗೆ ಸಿಕ್ಕಿರಲಿಲ್ಲ ಅಂದೆ. ಈಗ ಆರು ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಸಲ ಅಳೆದಾಗಲೂ ಅಷ್ಟೇ ಇತ್ತು.