ಬದುವಿನ ಮೇಲೆ ಏಳು ಹೊನ್ನೆ

ಅಪ್ಪನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ವರ್ಷ, ಸಿದ್ದರಬೆಟ್ಟಕ್ಕೆ ಹೋಗಿಬಂದ ಸೋದರಮಾವ ಒಂದು ಹೊನ್ನೆ ಮರದ ಲೋಟ ತಂದುಕೊಟ್ಟರು. ರಾತ್ರಿ ನೀರು ತುಂಬಿಡೋದು, ಬೆಳಿಗ್ಗೆ ಬರಿಹೊಟ್ಟೆಗೆ ಕುಡಿಯೋದು. ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಜಗಲಿಯ ಬಿಸಿಲಿಗೆ ಹಿಡಿದರೆ ನಡುವೆ ಟೀ ಡಿಕಾಕ್ಷನ್ ಬಣ್ಣ, ಅಂಚಿನಲ್ಲಿ ನವಿಲುಗರಿಯ ನೀಲಿ. ಅದನ್ನು ನೋಡಿಯೇ ಅಪ್ಪನಿಗೆ ಅರ್ಧ ವಾಸಿಯಾದಂತಾಗಿತ್ತು.

ಮಾತ್ರೆ ಬಿಟ್ಟದ್ದನ್ನು ಮಾತ್ರ ನಮಗೆ ಹೇಳಲಿಲ್ಲ. ಮೂರು ತಿಂಗಳಲ್ಲಿ ಅಂಗಾಲು ಉರಿ, ರಾತ್ರಿ ನಾಲ್ಕು ಸಲ ಏಳೋದು ಶುರುವಾಯಿತು. ತುಮಕೂರಿಗೆ ಕರೆದುಕೊಂಡು ಹೋಗಿ ತೋರಿಸಿದರೆ ಬರಿಹೊಟ್ಟೆಯ ಸಕ್ಕರೆ 280. ಡಾಕ್ಟರು ಹೊನ್ನೆಯನ್ನು ಬೈಯಲಿಲ್ಲ, ಅಪ್ಪನನ್ನು ಬೈದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಮರದ ಮೇಲೆ ನಡೆಸಿದ ಪರೀಕ್ಷೆ 1998ರಲ್ಲೇ ಪ್ರಕಟವಾಗಿದೆಯಂತೆ. ಕಾಯಿಲೆ ಆಗಷ್ಟೇ ಕಾಣಿಸಿಕೊಂಡ 97 ಮಂದಿಗೆ 12 ವಾರ ಕೊಟ್ಟಾಗ 67 ಮಂದಿಯಲ್ಲಿ ಸಕ್ಕರೆ ಹತೋಟಿಗೆ ಬಂತು. "ಆದರೆ ಅದು ದಿನಕ್ಕೆ 2ರಿಂದ 4 ಗ್ರಾಂ ಅಂತ ತೂಗಿ ಕೊಟ್ಟ ಸಾರ ಯಜಮಾನ್ರೇ. ನಿಮ್ಮ ಲೋಟ ಎಷ್ಟು ಬಿಡುತ್ತೋ ಯಾರು ಅಳೆದರು?" ಅಂದರು. ಅಪ್ಪ ಮಾತ್ರೆಗೆ ಮರಳಿದರು. ರಕ್ತಪರೀಕ್ಷೆ ತಪ್ಪಿಸಬಾರದು ಅನ್ನೋ ಷರತ್ತಿನ ಮೇಲೆ ಲೋಟವೂ ಉಳಿಯಿತು.

ಒಂದೂವರೆ ತಿಂಗಳಿಗೆ ಲೋಟ ಬಣ್ಣ ಬಿಡುವುದನ್ನು ನಿಲ್ಲಿಸಿತು. ಜಾತ್ರೆಯಲ್ಲಿ ಕೊಂಡ ಎರಡನೆಯದು ಪಕ್ಕಾ ಮೋಸ: ಒದ್ದೆ ಬೆರಳಲ್ಲಿ ಉಜ್ಜಿದರೆ ಕೈಗೇ ಕೆಂಪು ಹತ್ತಿತು, ನೀರಿನಲ್ಲಿ ನೀಲಿಯ ಸುಳಿವಿಲ್ಲ. ಅಸಲಿ ಹೊನ್ನೆಯ ಒಂದು ಚಕ್ಕೆ ಹಾಕಿದರೂ ಸ್ವಲ್ಪ ಹೊತ್ತಿಗೆ ನೀಲಿ ಹೊಳಪು ಕಾಣಬೇಕು. ಬಣ್ಣ ಬಿಡುವುದು ಮರದ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಹೊರಗಿನ ಬಿಳಿ ಭಾಗವಲ್ಲ. ಚೇಗು ಕಟ್ಟಲು ಮರಕ್ಕೆ ವಯಸ್ಸಾಗಬೇಕು. ಅಂದರೆ ಒಂದೂವರೆ ತಿಂಗಳ ಲೋಟಕ್ಕೆ ಎಲ್ಲೋ ಒಂದು ಹಳೇ ಮರ ಉರುಳಿರುತ್ತೆ. ಇದು ತಲೆಗೆ ಹೊಕ್ಕ ಮೇಲೆ ಮೂರನೇ ಲೋಟ ಕೊಳ್ಳಲು ಮನಸ್ಸಾಗಲಿಲ್ಲ. ಬದುವಿನಲ್ಲಿ ನಾವೇ ಬೆಳೆಸೋಣ ಅಂದುಕೊಂಡೆ.

ಒಂದು ನರ್ಸರಿಯಲ್ಲಿ ಹೊನ್ನೆ ಕೇಳಿದರೆ ಸುರಹೊನ್ನೆ ಕಟ್ಟಿಕೊಟ್ಟರು. ಹೆಸರಿನ ತಾಪತ್ರಯ, ಇನ್ನೊಂದು ಕಡೆ ಹೊಂಗೆ ತೋರಿಸಿದ್ದೂ ಉಂಟು. ನಮಗೆ ಬೇಕಾದ್ದು ರಕ್ತಹೊನ್ನೆ, ಬೆಂಗ ಅಂತಲೂ ಅಂತಾರೆ, ಆಯುರ್ವೇದದವರ ವಿಜಯಸಾರ. ಒಂದು ಕಡ್ಡಿಯಲ್ಲಿ ಐದರಿಂದ ಏಳು ಎಲೆ, ಎಲೆಯ ತುದಿ ಸಣ್ಣಗೆ ಕಚ್ಚಿ ತೆಗೆದ ಹಾಗೆ. ಸುರಹೊನ್ನೆಯದು ದಪ್ಪ ಒಂಟಿ ಎಲೆ. ಕೊನೆಗೆ ತರೀಕೆರೆ ಕಡೆಯ ನೆಂಟರು ಮಾಗಿಯ ಕೊನೆಯಲ್ಲಿ ಒಂದು ಚೀಲ ಕಾಯಿ ಆರಿಸಿ ಕಳಿಸಿದರು. ರೂಪಾಯಿ ಬಿಲ್ಲೆಗಿಂತ ಅಗಲ, ಸುತ್ತ ಹಪ್ಪಳದಂಥ ಅಂಚು, ನಡುವೆ ಗಟ್ಟಿ ಗಂಟು. ಬೀಜ ಇರೋದು ಆ ಗಂಟಿನೊಳಗೆ, ಒಂದು, ಅಪರೂಪಕ್ಕೆ ಎರಡು.

ಮೊದಲ ಸಲ ಕಾಯಿಯನ್ನು ಹಾಗೇ ಊರಿದೆ. ನೂರಕ್ಕೆ ಆರು ಮೊಳೆತವು. ಗಂಟು ಒಡೆದು ಬೀಜ ತೆಗೆಯಲು ಹೋಗಿ ಬೀಜದ ಜೊತೆ ಬೆರಳನ್ನೂ ಜಜ್ಜಿಕೊಂಡೆ. ಎರಡನೇ ಸಲ ಅಮ್ಮ ಅಡಿಕೆ ಕತ್ತರಿ ತಂದು ಸುತ್ತಲಿನ ಅಂಚು ಕತ್ತರಿಸಿ ಕೊಟ್ಟಳು. ಆ ಗಂಟುಗಳನ್ನು ಗೋಣಿಯಲ್ಲಿ ಕಟ್ಟಿ ರಾತ್ರಿ ನೆನೆಹಾಕಿ, ಹಗಲು ನೆರಳಲ್ಲಿ ಆರಿಸಿ, ಹೀಗೆ ಮೂರು ದಿನ ಮಾಡಿದೆ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ ಉದ್ದನೆ ಪಾಕೆಟ್‌ಗಳಲ್ಲಿ ಅರ್ಧ ಇಂಚು ಆಳಕ್ಕೆ ಮಲಗಿಸಿದೆ. ಹದಿನೈದನೇ ದಿನ ಮೊದಲ ಮೊಳಕೆ ಬಂತು, ಒಂದೂವರೆ ತಿಂಗಳವರೆಗೂ ಒಂದೊಂದೇ ಏಳುತ್ತಲೇ ಇದ್ದವು. ನೂರಕ್ಕೆ ಮೂವತ್ತೊಂದು. ಪಾಕೆಟ್ ಉದ್ದವಿರಲೇಬೇಕು, ತಾಯಿಬೇರು ಸರ್ರನೆ ಕೆಳಗಿಳಿಯುತ್ತೆ. ಗಿಡ್ಡ ಪಾಕೆಟ್‌ನಲ್ಲಿ ಅದು ಸುರುಳಿ ಸುತ್ತಿಕೊಂಡಿತ್ತು.

ಮುಂದಿನ ವರ್ಷ ಆಷಾಢದ ಮಳೆಗೆ ಹದಿನಾಲ್ಕು ಸಸಿ ಬದುವಿನ ಮೇಲೆ ನೆಟ್ಟೆ, ಉಳಿದದ್ದು ಹಂಚಿದೆ. ನಾಲ್ಕನ್ನು ಮೇಕೆ ತಿಂದವು. ಹೊನ್ನೆ ಸೊಪ್ಪು ದನಕರುವಿಗೂ ಪ್ರೀತಿ, ಜಾಲಿಮುಳ್ಳು ಕಟ್ಟದೆ ಗತಿಯಿಲ್ಲ. ನಮ್ಮ ಕೊರಟಗೆರೆ ಸೀಮೆಯ ಬೇಸಿಗೆ ಗೊತ್ತಲ್ಲ, ಮಾರ್ಚ್‌ಗೆ ಎಲ್ಲಾ ಕಡ್ಡಿಯಾದವು. ಸತ್ತವು ಅಂತ ಕಿತ್ತು ಹುಣಸೆ ಇಡಲು ಗುದ್ದಲಿ ಹಿಡಿದು ಹೋದೆ. ಮೊದಲ ಮೂರನ್ನು ಕಿತ್ತೂ ಬಿಟ್ಟೆ. ಮೂರನೆಯದರ ಬೇರು ಹೆಬ್ಬೆರಳು ಗಾತ್ರ, ಮುರಿದರೆ ಒಳಗೆ ಹಸಿ! ಉಳಿದ ಏಳಕ್ಕೆ ಕೈ ಹಾಕಲಿಲ್ಲ. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದದ್ದೇ ಬುಡದಿಂದ ಕೆಂಚು ಚಿಗುರು ಬಂತು. ಎರಡು ಬೇಸಿಗೆ ಹೀಗೇ ಒಣಗಿ, ಹೀಗೇ ಚಿಗುರಿ, ಮೂರನೇ ವರ್ಷದಿಂದ ನಿಂತು ಬೆಳೆದವು. ಕಿತ್ತ ಆ ಮೂರರ ಸಂಕಟ ಈಗಲೂ ಹೋಗಿಲ್ಲ.

ಈಗ ಎಂಟು ವರ್ಷ, ಎತ್ತರದ್ದು ಹದಿನೈದು ಅಡಿ ಇದ್ದೀತು. ಕಳೆದ ವರ್ಷ ಅಡ್ಡ ಬಂದ ಒಂದು ಕೊಂಬೆ ಸವರಿದಾಗ ಗಾಯದಿಂದ ಕೆಂಪು ರಸ ಒಸರಿ, ಸಂಜೆಯ ಹೊತ್ತಿಗೆ ಗಾಜಿನ ಮಣಿಯಂತೆ ಗಟ್ಟಿಯಾಯಿತು. ನಾಲಿಗೆಗೆ ಇಟ್ಟೆ, ಎಳೆ ಬಾಳೆಕಾಯಿಯ ಒಗರು. ಭೇದಿಗೆ, ಹಲ್ಲುನೋವಿಗೆ ಹಿಂದಿನವರು ಬಳಸುತ್ತಿದ್ದದ್ದು ಇದೇ ಅಂಟು.

ಸವರಿದ ಕೊಂಬೆಯ ತುಂಡೊಂದನ್ನು ಅಪ್ಪ ಎತ್ತಿಕೊಂಡು ಹೋಗಿ ರಾತ್ರಿ ಸ್ಟೀಲ್ ಲೋಟದಲ್ಲಿ ನೆನೆಹಾಕಿದ್ದರು. ಬೆಳಿಗ್ಗೆ ಜಗಲಿಯಲ್ಲಿ ಕೂತು, ಗಾಜಿನ ಲೋಟಕ್ಕೆ ಬಗ್ಗಿಸಿ, ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಮಾತ್ರೆ ಬಾಯಿಗೆ ಹಾಕಿಕೊಂಡು ಅದನ್ನೇ ಗಟಗಟ ಕುಡಿದರು.

"ಬರೀ ನೀರು ಕಣೋ," ಅಂದರು.