ಆನೆ ತಿರುಗಿ ನಿಂತರೆ ಲೋಕ: ಕ್ರಿಪ್ಟಿಕ್ ಪದಬಂಧವನ್ನು ಏಳು ಜನ ಸೇರಿ ಬಿಡಿಸೋದು ಹೇಗೆ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಕಾನೂನು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಯಾರೂ ಉತ್ತರ ಹೇಳುವಂತಿಲ್ಲ. ಸುಳಿವು ಕೊಡಬಹುದು, ಗೋಳಾಡಬಹುದು, ಪದಬಂಧ ಮಾಡಿದವರಿಗೆ ಹಿಡಿಶಾಪ ಹಾಕಬಹುದು. ಉತ್ತರ ಮಾತ್ರ ಇಲ್ಲ. ಈ ಕಾನೂನು ಬರೋದಕ್ಕೆ ನಾನೇ ಕಾರಣ. ಅದನ್ನು ಆಮೇಲೆ ಹೇಳ್ತೀನಿ.

ನಾನು ಮದ್ದೂರಿನವಳು. 2009ರಿಂದ ಆರು ವರ್ಷ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡಿದೆ. ಹೆಂಗಸರ ಬೋಗಿಯಲ್ಲಿ ಒಬ್ಬರು ಮೇಡಂ ‘ದಿ ಹಿಂದೂ’ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು, ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಮದ್ದೂರಿನಲ್ಲಿ ಖಾಲಿ ಇದ್ದ ಚೌಕ ಕೆಂಗೇರಿ ಬರುವಷ್ಟರಲ್ಲಿ ತುಂಬಿರುತ್ತಿತ್ತು. ನಾನು ಕದ್ದು ಕದ್ದು ಓದುತ್ತಿದ್ದೆ. ಒಂದು ವಾಕ್ಯವೂ ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ಅವರೇ ನನ್ನ ಪಾಡು ನೋಡಿ, ಪತ್ರಿಕೆಯ ಅಂಚಿನಲ್ಲಿ ಜಿ, ಇ, ಜಿ, ಎಸ್ ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಗೀಚಿದರು. ಪಕ್ಕದಲ್ಲಿ (9, 4) ಅಂತ ಹಾಕಿದರು. “ಹಳೇ ಜೋಕು ಇದು. ಬಿಡದಿ ಬರೋದರೊಳಗೆ ಹೇಳು” ಅಂದರು.

ಬಿಡದಿ ಬಂತು, ಹೋಯಿತು. ನನಗೆ ಹೊಳೆದದ್ದು ಮಧ್ಯಾಹ್ನ, ಆಫೀಸಿನ ಕ್ಯಾಂಟೀನಿನಲ್ಲಿ, ಪಕ್ಕದವರ ತಟ್ಟೆಯಲ್ಲಿ ಮೊಟ್ಟೆ ಬುರ್ಜಿ ಕಂಡಾಗ. ‘ಎಗ್ಸ್’ ಅನ್ನೋ ಪದದ ಅಕ್ಷರಗಳನ್ನೇ ಕಲಕಿಬಿಟ್ಟಿದ್ದಾರೆ. ಸ್ಕ್ರ್ಯಾಂಬಲ್ಡ್ ಎಗ್ಸ್! ಒಂಬತ್ತು ಅಕ್ಷರ, ನಾಲ್ಕು ಅಕ್ಷರ. ನಾನು ಒಬ್ಬಳೇ ನಕ್ಕಿದ್ದು ನೋಡಿ ಬುರ್ಜಿಯವರು ತಟ್ಟೆ ಸರಿಸಿಕೊಂಡರು.

ಸಾಮಾನ್ಯ ಪದಬಂಧ ನಿಮಗೆ ಗೊತ್ತೇ ಇದೆ. ನಮ್ಮಮ್ಮ ದಿನಾ ಕನ್ನಡ ಪತ್ರಿಕೆಯದ್ದನ್ನು ಬಿಡಿಸುತ್ತಿದ್ದರು. ‘ಶಿವನ ಮಡದಿ (3)’ ಅಂದರೆ ಪಾರ್ವತಿ, ಮುಗೀತು. ಕ್ರಿಪ್ಟಿಕ್‌ನಲ್ಲಿ ಹಾಗಲ್ಲ. ಅಲ್ಲಿ ಕ್ಲೂ ಒಂದು ಮಾತು ಹೇಳುವ ಹಾಗೆ ನಟಿಸುತ್ತದೆ, ಒಳಗೆ ಬೇರೆಯೇ ಮಾಡುತ್ತಿರುತ್ತದೆ. ಕನಕದಾಸರ ಮುಂಡಿಗೆ ಕೇಳಿ ತಲೆ ಕೆರೆದುಕೊಂಡವರಿಗೆ ಈ ಜಾತಿಯ ಕಾಟ ಹೊಸದೇನಲ್ಲ.

ಅಮ್ಮನಿಗೆ ಇದನ್ನು ಅರ್ಥ ಮಾಡಿಸೋಕೆ ನಾನು ಕನ್ನಡದಲ್ಲೇ ಕ್ಲೂ ಮಾಡತೊಡಗಿದೆ. ನಿಮಗೂ ಅಲ್ಲಿಂದಲೇ ಶುರು ಮಾಡ್ತೀನಿ.

‘ಲೇಖಕನ ಕಥೆಯೊಳಗೆ ಚಿನ್ನ (3)’. ಓದಿದರೆ ಯಾರೋ ಸಾಹಿತಿಯನ್ನು ಹೊಗಳಿದ ಹಾಗಿದೆ. ಸಾಹಿತಿಯನ್ನು ಮರೆತುಬಿಡಿ. ಕ್ಲೂನಲ್ಲಿ ಎರಡು ತುಂಡು ಇರುತ್ತವೆ. ಒಂದು ಅರ್ಥ, ಇನ್ನೊಂದು ಆಟ. ಅರ್ಥ ಅನ್ನೋದು ಉತ್ತರದ ಸರಳ ಅರ್ಥ. ಅದು ಕ್ಲೂನ ತಲೆಯಲ್ಲಿರುತ್ತದೆ ಇಲ್ಲಾ ಬಾಲದಲ್ಲಿರುತ್ತದೆ, ನಡುವೆ ಇರೋದಿಲ್ಲ. ಆಟ ಅನ್ನೋದು ಅದೇ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ದಾರಿ. ಇಲ್ಲಿ ಬಾಲದಲ್ಲಿ ‘ಚಿನ್ನ’ ಇದೆ. ಅದು ಅರ್ಥ. ‘ಒಳಗೆ’ ಅನ್ನೋದು ಹುಡುಕು ಅಂತ ಹೇಳುತ್ತಿದೆ. ಲೇಖಕನ ಕಥೆ ಅನ್ನೋದರ ಒಳಗೆ ಅಕ್ಷರ ಅಕ್ಷರವಾಗಿ ನೋಡಿ: ಲೇ, ಖ, ಕ, ನ, ಕ, ಥೆ. ಮಧ್ಯದಲ್ಲಿ ಕನಕ ಕೂತಿದ್ದಾನೆ.

ಅಮ್ಮ ಐದು ನಿಮಿಷ ಸುಮ್ನೆ ಇದ್ದು, “ಇದು ಮೋಸ” ಅಂದರು. ಮರುದಿನ ಬೆಳಿಗ್ಗೆ ಇನ್ನೊಂದು ಕೇಳಿದರು.

ಇನ್ನೊಂದು: ‘ಆನೆ ತಿರುಗಿ ನಿಂತಾಗ ಕಂಡ ಲೋಕ (2)’. ಆನೆಗೆ ಇನ್ನೊಂದು ಪದ ಗಜ. ತಿರುಗಿಸಿದರೆ ಜಗ. ಅರ್ಥ: ಲೋಕ. ಇಲ್ಲಿ ಎರಡು ಹೆಜ್ಜೆ ಇವೆ. ಮೊದಲು ಪದ ಬದಲಾಗಬೇಕು, ಆಮೇಲೆ ದಿಕ್ಕು.

‘ಮಗನ ಚೆಲ್ಲಾಪಿಲ್ಲಿಯಾದ ಲಕ್ಷ್ಯ (3)’. ಇದು ಅನಗ್ರಾಂ, ಅಂದರೆ ಅಕ್ಷರ ಕಲಕೋದು. ‘ಮಗನ’ ಅನ್ನೋ ಮೂರು ಅಕ್ಷರ ಚೆಲ್ಲಾಪಿಲ್ಲಿಯಾದರೆ ‘ಗಮನ’. ಚೆಲ್ಲಾಪಿಲ್ಲಿ, ಕೆಟ್ಟು ಹೋದ, ಕುಣಿದ, ಕುಡಿದ, ರಿಪೇರಿಯಾದ: ಇಂಥ ಪದ ಕಂಡರೆ ಕಲಕು ಅಂತಲೇ ಅನುಮಾನ ಪಡಿ. ಇಂಗ್ಲಿಷಿನಲ್ಲಿ ‘ಡ್ರಂಕ್’, ‘ಬ್ರೋಕನ್’, ‘ಡಾಕ್ಟರ್’ ಎಲ್ಲವೂ ಈ ಕೆಲಸ ಮಾಡುತ್ತವೆ. ಕನ್ನಡದಲ್ಲಿ ಅನಗ್ರಾಂ ಸಿಗೋದು ಕಷ್ಟ. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ. ಕಾಗುಣಿತ, ಒತ್ತು ಎಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ, ಬಿಚ್ಚಿ ಬೇರೆ ಕಡೆ ಹಚ್ಚೋಕೆ ಆಗಲ್ಲ. ಇಂಗ್ಲಿಷಿನಲ್ಲಿ ಸ್ವರ ಬೇರೆ, ವ್ಯಂಜನ ಬೇರೆ. ‘ಲಿಸನ್’ ಅನ್ನೋದರ ಆರು ಅಕ್ಷರ ಕಲಕಿ ‘ಸೈಲೆಂಟ್’ ಮಾಡಬಹುದು. ಕನ್ನಡದಲ್ಲಿ ಬರೆದರೆ ಈ ಎರಡಕ್ಕೂ ಸಂಬಂಧವೇ ಕಾಣಲ್ಲ ನೋಡಿ. ಅದಕ್ಕೇ ಇಂಗ್ಲಿಷ್ ಕ್ರಿಪ್ಟಿಕ್ ಬಿಡಿಸುವಾಗ ಪದವನ್ನು ಕಿವಿಯಿಂದ ಕೇಳಬೇಡಿ, ಕಾಗುಣಿತವಾಗಿ ನೋಡಿ. ಶುರುವಿನಲ್ಲಿ ನಾನು ಇಲ್ಲೇ ಜಾಸ್ತಿ ಎಡವಿದ್ದು.

ನನಗೆ ತುಂಬಾ ಇಷ್ಟವಾದ ಜೋಡಿ ಒಂದಿದೆ. ಕನ್ನಡದ ಕ್ಲೂ: ‘ದೇಹಕ್ಕೊಂದು ಮಾಡು ಸಿಕ್ಕ ಅರಮನೆಯ ಊರು (3)’. ದೇಹ ಅಂದರೆ ಮೈ. ಮಾಡು ಅಂದರೆ ಇಲ್ಲಿ ಕೆಲಸ ಮಾಡು ಅಲ್ಲ, ಮನೆಯ ಮಾಡು, ಸೂರು. ಮೈ, ಸೂರು. ಮೈಸೂರು! ಇಂಗ್ಲಿಷಿನ ಕ್ಲೂ: ‘ಮೈ ಪೇನ್‌ಫುಲ್ ಪ್ಯಾಲೆಸ್ ಸಿಟಿ (6)’. ‘ಮೈ’ ಹಾಗೇ ಇರಲಿ. ಪೇನ್‌ಫುಲ್ ಅಂದರೆ ‘ಸೋರ್’. ಮೈ, ಸೋರ್. ಹಳೇ ಇಂಗ್ಲಿಷ್ ಕಾಗುಣಿತದ ಮೈಸೋರ್. ಊರು ಒಂದೇ, ಒಂದು ಭಾಷೆಯಲ್ಲಿ ಅದು ಮೈಗೆ ನೆರಳು, ಇನ್ನೊಂದರಲ್ಲಿ ಮೈಯೆಲ್ಲಾ ನೋವು.

ಹಳ್ಳಿ ಮಾತೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂಗ್ಲಿಷ್ ಕ್ಲೂನಲ್ಲಿ ‘ಕಾಕ್ನಿ’ ಅಂತ ಬಂದರೆ, ಅದು ಪೂರ್ವ ಲಂಡನ್ನಿನವರ ಮಾತು, ಪದದ ಮೊದಲ ಎಚ್ ತೆಗೆದುಹಾಕಿ ಅಂತ ಅರ್ಥ. ಇದನ್ನು ಬೇರೆಯವರು ಬಾಯಿಪಾಠ ಮಾಡಬೇಕು. ಮಂಡ್ಯ ಕಡೆಯವರಿಗೆ ಯಾರು ಹೇಳಿಕೊಡಬೇಕು? ‘ನಮ್ಮೂರವರ ಬಾಯಲ್ಲಿ ಹಾಸನ ಕೂರುವ ಜಾಗ (3)’. ಆಸನ, ಮತ್ತೇನು!

ಇಂಗ್ಲಿಷ್ ಕ್ರಿಪ್ಟಿಕ್‌ಗೆ ಒಂದಿಷ್ಟು ಗುಟ್ಟಿನ ಪದಗಳು ಬೇಕು. ಡಕ್ ಅಂದರೆ ಓ, ಯಾಕಂದ್ರೆ ಕ್ರಿಕೆಟ್ಟಿನ ಸೊನ್ನೆ. ಮೇಡನ್ ಅಂದರೆ ಎಂ, ಕಾಟ್ ಅಂದರೆ ಸಿ, ಲೆಗ್ ಅಂದರೆ ಆನ್. ಅಮೆರಿಕದವರು ಇದಕ್ಕೆ ಒದ್ದಾಡುತ್ತಾರಂತೆ. ನಮಗೆ ರೇಡಿಯೊ ಕಾಮೆಂಟರಿಯಲ್ಲೇ ಬಂದಿದೆ. ನಾವಿಕ ಬಂದರೆ ಎ-ಬಿ ಅಥವಾ ಟಾರ್, ಇಂಜಿನಿಯರ್ಸ್ ಬಂದರೆ ಆರ್-ಇ, ಅಂದರೆ ಬ್ರಿಟಿಷ್ ಸೇನೆಯ ರಾಯಲ್ ಇಂಜಿನಿಯರ್ಸ್. ಫ್ಲವರ್ ಬಂದರೆ ಹೂವು ಅಂದುಕೊಳ್ಳಬೇಡಿ. ಫ್ಲೋ ಆಗುವುದು, ಹರಿಯುವುದು, ಅಂದರೆ ನದಿ. ಮೊದಲ ಸಲ ಇದು ಗೊತ್ತಾದಾಗ ನನಗೆ ಸಿಟ್ಟು ಬಂದಿತ್ತು. ಹೀಗೆ ಒಂದು ಚಿಕ್ಕ ನೋಟ್‌ಬುಕ್ ಮಾಡಿಕೊಳ್ಳಿ. ಅಚ್ಚಾದ ಪಟ್ಟಿಗಿಂತ, ನೀವು ಸೋತ ದಿನ ಬರೆದುಕೊಂಡದ್ದೇ ನೆನಪಿರೋದು.

ಪದಬಂಧ ಮಾಡುವವರನ್ನು ಸೆಟರ್ ಅನ್ನುತ್ತಾರೆ. ಅವರು ಗುಪ್ತನಾಮದಲ್ಲಿ ಬರೆಯುತ್ತಾರೆ. ‘ದಿ ಹಿಂದೂ’ವಿನಲ್ಲಿ ಗ್ರಿಡ್‌ಮನ್, ಆರ್ಡೆನ್, ಬಝರ್ ಅಂತೆಲ್ಲ ಹೆಸರು ನೋಡಿರಬಹುದು. ಸ್ವಲ್ಪ ದಿನಕ್ಕೆ ಅವರವರ ಕೈಚಳಕ ಗುರುತು ಸಿಗುತ್ತದೆ, ಅಡುಗೆ ರುಚಿ ನೋಡಿ ಯಾರ ಮನೆ ಸಾರು ಅಂತ ಹೇಳುವ ಹಾಗೆ. ಲಂಡನ್ನಿನ ‘ದಿ ಅಬ್ಸರ್ವರ್’ನಲ್ಲಿ 1920ರ ದಶಕದಲ್ಲಿ ಕ್ರಿಪ್ಟಿಕ್ ಮಾಡುತ್ತಿದ್ದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಇಟ್ಟುಕೊಂಡ ಹೆಸರು ಟಾರ್ಕ್ವೆಮಾಡಾ. ಸ್ಪೇನಿನಲ್ಲಿ ಧರ್ಮದ ಹೆಸರಲ್ಲಿ ಜನರಿಗೆ ಚಿತ್ರಹಿಂಸೆ ಕೊಡಿಸಿದ ವಿಚಾರಣಾಧಿಕಾರಿಯ ಹೆಸರು ಅದು. ಅದೇ ಪತ್ರಿಕೆಗೆ 1972ರಲ್ಲಿ ಬಂದವರು ಡೆಜಾ ಅನ್ನೋ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಅಜೆಡ್ ಆದರು. ಗಜ, ಜಗ ಆದ ಹಾಗೆ. ಹಿಂಸೆ ಕೊಡೋದು ಅವರ ಕೆಲಸ ಅಂತ ಅವರೇ ಒಪ್ಪಿಕೊಂಡಿದ್ದಾರೆ, ನಾವು ಬೇಜಾರು ಮಾಡಿಕೊಂಡು ಏನು ಪ್ರಯೋಜನ?

ಈಗ ಗುಂಪಿನ ವಿಷಯ. ಒಬ್ಬರೇ ಕೂತರೆ ಮೊದಲ ಆರು ತಿಂಗಳು ಮೂವತ್ತರಲ್ಲಿ ನಾಲ್ಕು ಕ್ಲೂ ಬಿಡಿಸಿ ಬಿಟ್ಟುಬಿಡ್ತೀರಿ. ನಾನೂ ಎರಡು ಸಲ ಬಿಟ್ಟಿದ್ದೆ. ನಾವು ಏಳು ಜನ ಇದ್ದೀವಿ. ನಾಲ್ವರು ಬೆಂಗಳೂರು, ನಾನು ಮೈಸೂರು, ಒಬ್ಬರು ದುಬೈ, ಒಬ್ಬಳು ನ್ಯೂಜೆರ್ಸಿ. ನಾವು ಕಾಫಿ ಸೋಸುವ ಹೊತ್ತಿಗೆ ನ್ಯೂಜೆರ್ಸಿಯವಳು ರಾತ್ರಿ ಊಟ ಮುಗಿಸಿ, ಅರ್ಧ ಪದಬಂಧವನ್ನೂ ಮುಗಿಸಿರುತ್ತಾಳೆ. ಬಾಯಿ ಮುಚ್ಚಿಕೊಂಡಿರೋದೇ ಅವಳ ತಪಸ್ಸು.

ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾನು ಆ ದಿನದ ಅತಿ ಕಷ್ಟದ ಕ್ಲೂ ಬಿಡಿಸಿದೆ. ಖುಷಿ ತಡೆಯೋಕಾಗದೆ ಉತ್ತರವನ್ನು ದೊಡ್ಡಕ್ಷರದಲ್ಲಿ ಗುಂಪಿಗೆ ಹಾಕಿದೆ, ಮೂರು ಪಟಾಕಿ ಚಿತ್ರದ ಜೊತೆ. ದುಬೈಯವರು ಮಾತಿಲ್ಲದೆ ಗುಂಪು ಬಿಟ್ಟು ಹೋದರು. ಒಂಬತ್ತು ದಿನ ಆದ ಮೇಲೆ ಫೋನ್ ಮಾಡಿದಾಗ ಅಂದರು: “ವಾರಕ್ಕೊಂದು ರಜೆ ನಂಗೆ. ಆ ಕ್ಲೂಗೆ ಅಂತ ಎರಡನೇ ಲೋಟ ಕಾಫಿ ಮಾಡ್ಕೊಂಡು ಕೂತಿದ್ದೆ. ನೀನು ನುಂಗಿಬಿಟ್ಟೆ.” ಅವತ್ತಿನಿಂದ ಹತ್ತು ಗಂಟೆಯ ಕಾನೂನು.

ಹಾಗಾದರೆ ಸುಳಿವು ಕೊಡೋದು ಹೇಗೆ? ಚಿಟಿಕೆ ಚಿಟಿಕೆಯಾಗಿ. ಮೊದಲು ಎಲ್ಲಿ ಕತ್ತರಿಸಬೇಕು ಅಂತ ಮಾತ್ರ ಹೇಳಿ, ಅಂದರೆ ಅರ್ಥ ಎಲ್ಲಿ ಮುಗಿದು ಆಟ ಎಲ್ಲಿ ಶುರು ಅಂತ. ಅದರಲ್ಲಿ ಆಗದಿದ್ದರೆ ಯಾವ ಜಾತಿಯ ಆಟ ಅಂತ ಹೇಳಿ. ಅಕ್ಷರ ಹೇಳೋದು ಕೊನೆಗೆ. ಒಮ್ಮೆ ನಾನು ಗುಂಪಿಗೆ ಈ ಕ್ಲೂ ಹಾಕಿದೆ: ‘ತಲೆ ಕಳೆದುಕೊಂಡ ವಿನಾಯಕ ಈಗ ಲೀಡರ್ (3)’.

ತಕ್ಷಣ ಒಬ್ಬರು “ಗಜಮುಖ” ಅಂದರು. ನಾಲ್ಕಕ್ಷರ ಆಯ್ತಲ್ಲ. ಇನ್ನೊಬ್ಬರು ಗಣಪತಿಯ ತಲೆ ತೆಗೆದು “ಣಪತಿ” ಅಂತ ಬರೆದು, ತಾವೇ ನಕ್ಕು ಅಳಿಸಿದರು. ಪುರಾಣ ಗೊತ್ತಿದ್ದವರೇ ಜಾಸ್ತಿ ದಾರಿ ತಪ್ಪಿದರು. ನಾನು ಒಂದೇ ಸಾಲು ಹಾಕಿದೆ: “ಕೊನೇ ಪದವನ್ನು ಬೇರೆ ಇಡಿ.” ಎರಡು ನಿಮಿಷ ಮೌನ. ದುಬೈಯವರು ಒಂದು ಹಣೆ ಚಚ್ಚಿಕೊಳ್ಳುವ ಚಿತ್ರ ಕಳಿಸಿದರು, ಉತ್ತರ ಕಳಿಸಲಿಲ್ಲ. ಇನ್ನುಳಿದವರಿಗೆ ಮುಂದಿನ ಚಿಟಿಕೆ: “ದೇವರನ್ನು ಬಿಡಿ, ಪದದ ತಲೆ ಎಲ್ಲಿದೆ?” ವಿನಾಯಕ ಅನ್ನೋ ಪದದ ತಲೆ ‘ವಿ’. ಅದು ಹೋದರೆ ಉಳಿಯೋದು ನಾಯಕ. ಲೀಡರ್!

ಹತ್ತು ಗಂಟೆ ಆದ ಮೇಲೂ ಬರೀ ಉತ್ತರಕ್ಕೆ ನಮ್ಮಲ್ಲಿ ಬೆಲೆ ಇಲ್ಲ. ‘ಅನ್ನೊ’ ಬೇಕು. ಅನೊಟೇಷನ್ ಅನ್ನೋದರ ಗಿಡ್ಡ ರೂಪ, ಅಂದರೆ ಯಾವ ಅಕ್ಷರ ಯಾವ ಪದದಿಂದ ಬಂತು ಅನ್ನೋ ಲೆಕ್ಕ. ಕ್ಲೂನ ಒಂದೊಂದು ಪದಕ್ಕೂ ಕೆಲಸ ಸಿಗಬೇಕು. ಯಾವುದೋ ಪದ ಸುಮ್ನೆ ಕೂತಿದೆ ಅನ್ನಿಸಿದರೆ ನಿಮ್ಮ ಉತ್ತರ ತಪ್ಪಿರುವ ಸಾಧ್ಯತೆ ಜಾಸ್ತಿ. ಅನ್ನೊ ಸಿಗದೆ ಬರೆದ ಉತ್ತರದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿ ಗುಂಪಿನಲ್ಲಿ ಕೇಳಿಬಿಡಿ, ನಾಚಿಕೆ ಬೇಡ. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇಂಥ ಪ್ರಶ್ನೆಗಳಿಂದಲೇ ಬಂದದ್ದು.

ಕಾಗದದ ಮುಂದೆ ಕೂತಾಗ ಒಂದನೇ ನಂಬರಿನಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಎಲ್ಲ ಕ್ಲೂ ಒಮ್ಮೆ ಓದಿ. ಕಲಕೋ ಪದ ಕಂಡರೆ ಪಕ್ಕದ ಪದಗಳ ಅಕ್ಷರ ಎಣಿಸಿ. ಆವರಣದ ಸಂಖ್ಯೆಗೆ ಸರಿಹೊಂದಿದರೆ ಅದನ್ನು ಮೊದಲು ಬಿಡಿಸಿ. ‘ಒಳಗೆ’, ‘ಸ್ವಲ್ಪ’, ‘ಕೆಲವು’ ಅನ್ನೋ ಅರ್ಥದ ಪದ ಇದ್ದರೆ ಅಡಗಿದ್ದು ಇರಬಹುದು, ಅದನ್ನೂ ಹೆಕ್ಕಿಕೊಳ್ಳಿ. ಇವು ಸಿಕ್ಕರೆ ಅಡ್ಡ, ಉದ್ದ ಸೇರುವ ಮನೆಗಳಲ್ಲಿ ಅಕ್ಷರ ಕೂರುತ್ತವೆ, ಉಳಿದವಕ್ಕೆ ಹಿಡಿ ಸಿಗುತ್ತದೆ. ಪೆನ್ಸಿಲ್ ಬಳಸಿ. ಪೆನ್ನಿನಲ್ಲಿ ಬರೆದ ತಪ್ಪು ಉತ್ತರ ಅಳಿಸೋಕಾಗಲ್ಲ ಅನ್ನೋದು ಬೇರೆ ಮಾತು, ಅದನ್ನು ತಪ್ಪು ಅಂತ ಒಪ್ಪೋಕೂ ಮನಸ್ಸು ಬರಲ್ಲ.

ಸಿಗಲಿಲ್ಲವಾ? ಎದ್ದು ಹೋಗಿ ಸೊಪ್ಪು ಬಿಡಿಸಿ. ‘ಹೀ ಡೆಲಿವರ್ಸ್ ಎ ಹ್ಯಾಟ್ (6)’ ಅನ್ನೋದಕ್ಕೆ ನಾನು ಅರ್ಧ ಗಂಟೆ ಕೊರಿಯರ್ ಹುಡುಗನನ್ನು ಹುಡುಕಿದ್ದೆ. ಆಟ ಎಲ್ಲಿ, ಅರ್ಥ ಎಲ್ಲಿ ಅಂತ ಕತ್ತರಿಸಿ ಕತ್ತರಿಸಿ ಸುಸ್ತಾದೆ. ಮೆಂತ್ಯ ಸೊಪ್ಪು ಅರ್ಧ ಆಗುವಾಗ ಗೊತ್ತಾಯಿತು, ಅಲ್ಲಿ ಆಟವೇ ಇಲ್ಲ, ಎರಡೂ ಕಡೆ ಅರ್ಥವೇ. ಡೆಲಿವರಿ ಹಾಕುವವನು ಬೌಲರ್. ಬೌಲರ್ ಅನ್ನೋದು ಒಂದು ಹ್ಯಾಟ್ ಕೂಡ. ಇಂಥದ್ದನ್ನು ಡಿಡಿ ಅನ್ನುತ್ತೇವೆ, ಡಬಲ್ ಡೆಫಿನಿಷನ್. ಚಿಕ್ಕ ಕ್ಲೂ ಕಂಡರೆ ಮೊದಲು ಡಿಡಿ ಇರಬಹುದಾ ಅಂತ ನೋಡಿ.

ಅಮ್ಮನಿಗೆ ಈಗ 78. ಇಂಗ್ಲಿಷಿನ ತಂಟೆಗೆ ಬರಲಿಲ್ಲ. ಆದರೆ ಹೋದ ವಾರ ಫೋನಿನಲ್ಲಿ ಅವರೇ ಒಂದು ಕ್ಲೂ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟರು. ಡಿಡಿ, ಅಷ್ಟು ಸುಳಿವು ಸಾಕು: ‘ಕೊಟ್ಟರೆ ಪ್ರೀತಿ, ಪೋಣಿಸಿದರೆ ಹಾರ (2)’. ಉತ್ತರ ಹತ್ತು ಗಂಟೆ ಮೇಲೆ.